ಹತ್ತರಿಂದ ಭಾಗಿಸಿ

ನನ್ನ ಮಾವ ಭಟ್ಟಿಯ ಮುಂದೆ ನಿಂತು ಒಮ್ಮೆ ಕೆಮ್ಮಿದರೆ ಬೀದಿಯ ಆ ತುದಿಯಲ್ಲಿ ಕ್ಷೌರದವನು ಗಿರಾಕಿಯ ಗಂಟಲಿನಿಂದ ಕತ್ತಿಯನ್ನು ಗೇಣುದೂರ ಹಿಡಿಯುತ್ತಿದ್ದ. ಎದುರುಮನೆಯ ಬೆಕ್ಕು ಬಾಯಲ್ಲಿದ್ದ ಇಲಿಯನ್ನು ಬಿಟ್ಟು ಓಡುತ್ತಿತ್ತು. ಹಿಂದಿನ ಬೀದಿಯ ಸ್ಮಶಾನದಲ್ಲಿ ಮಲಗಿದವರು ಕೂಡ ಒಮ್ಮೆ ಮಗ್ಗುಲು ಬದಲಿಸುತ್ತಿದ್ದರು.

ಇದರಲ್ಲಿ ಹತ್ತನೇ ಒಂದು ಪಾಲು ನಿಜ. ನಮ್ಮ ಮನೆಯಲ್ಲಿ ನನ್ನ ಮಾತಿಗೆ ಗೊತ್ತುಮಾಡಿರುವ ದರವೇ ಅದು.

ನಾನು ಮನೆ ಅಳಿಯ. ಬೇಕರಿಯ ಮೇಲೆ ಮೂರು ಕೋಣೆ. ಒಂದು ನನಗೆ, ನನ್ನ ಹೆಂಡತಿಗೆ, ಹದಿನಾರರ ಮಗಳಿಗೆ. ಇನ್ನೊಂದು ಮಾವನಿಗೆ, ಅತ್ತೆಗೆ. ಮೂರನೆಯದು ನನ್ನ ಭಾವಮೈದನಿಗೆ. ಅವನಿಗೆ ಮದುವೆಯಾಗಿಲ್ಲ, ಆಗುವುದೂ ಇಲ್ಲ, ಏಕೆಂದರೆ ಹೆಣ್ಣು ನೋಡಲು ಹೋದರೂ ಮೊದಲು ಅವಳನ್ನು ತೂಗಬೇಕೆನ್ನುತ್ತಾನೆ. ಒಂದು ಬನ್ನು ಎರಡು ಗ್ರಾಂ ಹೆಚ್ಚಿದ್ದರೆ ಅವತ್ತು ಊಟ ಬಿಡುವ ಪೈಕಿ. ನಾವೆಲ್ಲ ಅವನನ್ನು ತಕ್ಕಡಿ ಎನ್ನುತ್ತೇವೆ. ಮಾವ ಹಿಟ್ಟು ಕಲಸುತ್ತಿದ್ದರು, ತಕ್ಕಡಿ ಬೇಯಿಸುತ್ತಿದ್ದ, ಅತ್ತೆ ಅಂಗಡಿಯ ಮುಂದೆ ಕೂರುತ್ತಿದ್ದರು, ನನ್ನ ಹೆಂಡತಿ ಬ್ರೆಡ್ಡು ಕೊಯ್ದು ಕಾಗದ ಸುತ್ತುತ್ತಿದ್ದಳು. ಅದನ್ನೆಲ್ಲ ಮೂರು ಚಕ್ರದ ಗಾಡಿಯಲ್ಲಿ ಊರಿಗೆ ಹಂಚುವವನು ನಾನು. ಬ್ರೆಡ್ಡು ಮಾರುವುದರಲ್ಲಿ ನನ್ನ ಸಮ ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಗಟ್ಟಿ ರಸ್ಕನ್ನು ಮುದುಕರಿಗೂ, ಆ ರಸ್ಕು ಕಡಿದ ಮುದುಕರನ್ನು ಹಲ್ಲಿನ ಡಾಕ್ಟರಿಗೂ ಒಂದೇ ಬೆಳಿಗ್ಗೆ ಮಾರಿದವನು ನಾನು. ನೂರಿದ್ದರೆ ಸಾವಿರ ಎನ್ನುವವನೆಂದು ಹೋಟೆಲಿನವರು ನನ್ನನ್ನು ‘ಸಾವಿರ’ ಎಂದು ಕರೆಯುತ್ತಾರೆ. ಮನೆಯಲ್ಲೂ ಅದೇ ಹೆಸರು ನಿಂತಿತು.

ಭಾಗಾಕಾರ ಶುರುವಾದದ್ದು ನಾನು ಈ ಮನೆಗೆ ಬಂದ ಮೊದಲ ವರ್ಷ. ಸ್ಟೇಷನ್ನಿನ ಎದುರಿನ ಹೋಟೆಲಿನವನು ಮೂವತ್ತು ಬನ್ನು ಕೇಳಿದ್ದ. ಹೊಸ ಅಳಿಯ ಕೈಲಾಗದವನು ಎನ್ನಬಾರದೆಂದು ಮುನ್ನೂರು ಎಂದೆ. ತಕ್ಕಡಿ ಮುನ್ನೂರನ್ನೂ ಬೇಯಿಸಿದ. ಉಳಿದದ್ದನ್ನು ಕೊಯ್ದು, ಒಣಗಿಸಿ, ರಸ್ಕು ಮಾಡಿ ಮನೆಯವರೆಲ್ಲ ಹತ್ತು ತಿಂಗಳು, ಅಂದರೆ ಒಂದು ತಿಂಗಳು, ಚಹಾದಲ್ಲಿ ಅದ್ದಿ ತಿಂದರು. ಆಮೇಲೆ ಮಾವ ಇದ್ದಿಲು ತೆಗೆದುಕೊಂಡು ಭಟ್ಟಿಯ ಬಾಗಿಲಿನ ಮೇಲೆ ದಪ್ಪಕ್ಷರದಲ್ಲಿ ಬರೆದರು: ‘ಸಾವಿರನ ಮಾತು ಹತ್ತರಿಂದ ಭಾಗಿಸಿ.’

ನಾನೂ ದಡ್ಡನಲ್ಲ. ಮೂವತ್ತು ಬೇಕಿದ್ದರೆ ಮುನ್ನೂರು ಎಂದೆ, ತಕ್ಕಡಿ ಭಾಗಿಸಿದ, ಮೂವತ್ತು ಬೆಂದವು. ಹದಿನೆಂಟು ವರ್ಷದಲ್ಲಿ ಒಂದು ಬನ್ನು ಹೆಚ್ಚಾಗಿಲ್ಲ, ಒಂದು ಬನ್ನು ಕಮ್ಮಿಯಾಗಿಲ್ಲ. ಲೋಕದ ಯಾವ ಬೇಕರಿಯೂ ಇಷ್ಟು ಕರಾರುವಾಕ್ಕಾಗಿ ನಡೆದಿಲ್ಲ.

ಮಾವನ ಎಡ ಶ್ವಾಸಕೋಶದಲ್ಲಿ ಗೆಡ್ಡೆ ಇದೆಯೆಂದು ಗೊತ್ತಾದದ್ದು ಹೋದ ವರ್ಷ. ಪಕ್ಕೆಯಿಂದ ಸೂಜಿ ಹಾಕಿ ಚೂರು ತೆಗೆದರು. ಸೂಜಿ ಎಂದರೆ ಸೂಜಿಯೇ ಅದು? ತೋಟಕ್ಕೆ ನೀರು ಹಾಯಿಸುವ ಪೈಪು! ಒಳಗೆ ಗಾಳಿ ಸೋರಿ ಮಾವ ಪಕ್ಕೆಗೆ ಕೊಳವೆ ಸಿಕ್ಕಿಸಿಕೊಂಡು ನಾಲ್ಕು ದಿನ ಮಲಗಿದರು. ನಲವತ್ತು ವರ್ಷ ಭಟ್ಟಿಯೊಳಗೆ ಬರಿಗೈ ಹಾಕಿದ ಮನುಷ್ಯ ಆ ನಾಲ್ಕು ದಿನ ಎಳೆಮಗುವಿನ ಹಾಗೆ ಅತ್ತರು. ಇದಕ್ಕೆ ಭಾಗಾಕಾರ ಬೇಡ, ನಾನು ಪಕ್ಕದಲ್ಲೇ ಕೂತಿದ್ದೆ.

ಆಮೇಲೆ ದಿನಕ್ಕೊಂದು ಮಾತ್ರೆ ಕೊಟ್ಟರು. ಮೂರು ತಿಂಗಳಿಗೆ ಗೆಡ್ಡೆ ಬಟಾಣಿಯಷ್ಟಾಯಿತು. “ಗೆಡ್ಡೆ ಗಂಟುಮೂಟೆ ಕಟ್ಟಿಕೊಂಡು ಓಡಿಹೋಯ್ತು!” ಎಂದು ನಾನು ಮನೆಯಲ್ಲಿ ಸಾರಿದೆ. ಅವರು ಭಾಗಿಸಿಕೊಂಡು ಸ್ವಲ್ಪ ಕುಗ್ಗಿದೆ ಎಂದು ತಿಳಿದರು. ಆಸ್ಪತ್ರೆಯ ಸುದ್ದಿಗೂ ಅದೇ ಪದ್ಧತಿ ಸಾಕಾಯಿತು. ಕರೆದುಕೊಂಡು ಹೋಗುತ್ತಿದ್ದವನು ನಾನೊಬ್ಬನೇ. ತಕ್ಕಡಿ ಭಟ್ಟಿ ಬಿಟ್ಟು ಬರುವಂತಿಲ್ಲ, ನನ್ನ ಹೆಂಡತಿಗೆ ಆಸ್ಪತ್ರೆಯ ವಾಸನೆಗೇ ತಲೆ ತಿರುಗುತ್ತದೆ, ಅತ್ತೆಗೆ ಡಾಕ್ಟರ ಮಾತು ಕೇಳಿದರೆ ಆ ಕಾಯಿಲೆ ತಮಗೇ ಬಂದಂತೆ. ಗಾಡಿ ನನ್ನದು, ನಾಲಿಗೆ ನನ್ನದು.

ಮಾತ್ರೆ ಶುರುವಾದ ಹನ್ನೊಂದನೇ ತಿಂಗಳು ಹೋದಾಗ ಡಾಕ್ಟರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಂಗೈಯಷ್ಟು ಹೆಂಗಸು. ಬಾಯಿ ತೆರೆದರೆ ಆಸ್ಪತ್ರೆಯ ಕಂಬಗಳು ನೆಟ್ಟಗೆ ನಿಲ್ಲುತ್ತವೆ.

“ಯಜಮಾನ್ರೇ, ಮಾತ್ರೆ ಕೈಕೊಟ್ಟಿದೆ. ಗೆಡ್ಡೆ ಮತ್ತೆ ಬೆಳೀತಿದೆ. ಲಿವರ್‌ನಲ್ಲೂ ಹೊಸದಾಗಿ ಎರಡು ಕಾಣ್ತಿವೆ.”

“ಬಟಾಣಿಯಷ್ಟಾಗಿದೆ ಅಂದಿದ್ರಲ್ಲಮ್ಮ?” ಎಂದರು ಮಾವ.

“ಆಗಿತ್ತು. ಆದ್ರೆ ಗೆಡ್ಡೆಯಲ್ಲಿರೋ ಜೀವಕೋಶ ಎಲ್ಲಾ ಒಂದೇ ಥರ ಇರಲ್ಲ. ಹೆಚ್ಚಿನವು ಮಾತ್ರೆಗೆ ಸಾಯ್ತವೆ. ಕೆಲವು ಇರ್ತವೆ, ಕಾಂಡಕೋಶದ ಗುಣ ಇರೋವು. ಮಾತ್ರೆ ಬಂದಾಗ ಬೆಳೆಯೋದು ನಿಲ್ಲಿಸಿ ಸತ್ತ ಹಾಗೆ ಬಿದ್ಕೊಂಡಿರ್ತವೆ. ಆಮೇಲೆ ಎದ್ದು ಪೂರ್ತಿ ಗೆಡ್ಡೆಯನ್ನೇ ಮತ್ತೆ ಕಟ್ತವೆ. ಒಂದು ಚಿಟಿಕೆ ಉಳಿದ್ರೂ ಸಾಕು.”

ಮಾವನ ಮುಖ ಅರಳಿತು. “ಹಳೇ ಹಿಟ್ಟು!” ಎಂದರು.

“ಏನು?”

“ದಿನಾ ಕಲಸಿದ್ರಲ್ಲಿ ಒಂದು ಮುಷ್ಟಿ ಎತ್ತಿಡ್ತೀವಿ ತಾಯಿ, ನಾಳೆ ಹಿಟ್ಟು ಉಬ್ಬಿಸೋಕೆ. ತೊಟ್ಟಿ ಎಷ್ಟೇ ಕೆರೆದು ತೊಳೀರಿ, ಹಲಗೆ ಸಂದೀಲಿ ಉಗುರಷ್ಟು ಉಳಿದಿದ್ರೆ ಮಾರನೇ ದಿನ ತೊಟ್ಟಿ ತುಂಬಾ ಅದೇ. ನಮ್ಮಪ್ಪ ಕೊಟ್ಟಿದ್ದು. ನಲವತ್ತು ವರ್ಷದಿಂದ ಅದೇ ನಡೀತಿದೆ.”

“ಅದೇ ವಿಷಯ ಯಜಮಾನ್ರೇ. ಒಂದೇ ವ್ಯತ್ಯಾಸ. ನಿಮ್ಮ ಹಿಟ್ಟು ಅದೇ ಹಿಟ್ಟಾಗಿ ಉಬ್ಬುತ್ತೆ. ಇವು ಎದ್ದಾಗ ರೂಪ ಬದಲಾಯಿಸಿರಬಹುದು. ಮೊದಲು ಒಂದಕ್ಕೊಂದು ಅಂಟ್ಕೊಂಡು ಕೂತಿದ್ದವು. ಈಗ ಬಿಡಿಬಿಡಿಯಾಗಿ ಓಡಾಡೋಕೆ ಕಲಿತಿವೆ, ಅದಕ್ಕೇ ಲಿವರ್ ತನಕ ಹೋಗಿದ್ದು. ಇಷ್ಟು ಜೋರಾಗಿ ಬೆಳೀತಿರೋದು ನೋಡಿದ್ರೆ ಜಾತಿಯೇ ಬೇರೆ ಆಗಿರೋ ಅನುಮಾನ ನಂಗೆ. ಹಾಗಾಗಿದ್ರೆ ಈ ಮಾತ್ರೆ ನುಂಗಿದ್ರೂ ಒಂದೇ, ಸುಣ್ಣದ ಗುಳಿಗೆ ನುಂಗಿದ್ರೂ ಒಂದೇ. ಅದಕ್ಕೆ ಬೇರೆ ಔಷಧಿ ಇದೆ, ರಕ್ತನಾಳಕ್ಕೆ ಹಾಕೋದು. ಯಾವ ಜಾತಿ ಅಂತ ಗೊತ್ತಾಗ್ಬೇಕಂದ್ರೆ ಮತ್ತೆ ಸೂಜಿ ಹಾಕಿ ಚೂರು ತೆಗೀಬೇಕು.”

ಸೂಜಿಯ ಹೆಸರಿಗೆ ಮಾವನ ಕೈ ತಾನಾಗಿ ಎಡಪಕ್ಕೆಗೆ ಹೋಯಿತು.

ನಾನು ಹುಟ್ಟಿದ ಮೇಲೆ ಮೊದಲ ಸಲ ಮೆಲ್ಲಗೆ ಮಾತಾಡಿದೆ. “ಎಷ್ಟು ಸಮಯ ಇದೆ ಮೇಡಂ?”

“ಹತ್ತು ದಿನದೊಳಗೆ ಸೂಜಿ ಹಾಕಿಸಿ. ಜಾತಿ ಬದಲಾಗಿದ್ದು, ಹೊಸ ಔಷಧಿ ಹಿಡಿದ್ರೆ, ಒಂದು ವರ್ಷದ ಆಸುಪಾಸು ಸಿಗಬಹುದು. ಪೂರ್ತಿ ಗುಣ ಆಗುತ್ತೆ ಅಂತ ನಾನು ಹೇಳಲ್ಲ. ಸುಮ್ನೆ ಬಿಟ್ರೆ ಮೂರು ತಿಂಗಳು, ಇನ್ನೂ ಕಮ್ಮಿನೂ ಆಗಬಹುದು. ತಡ ಮಾಡಿ ಬಂದ್ರೆ ಆ ಔಷಧಿ ತಡ್ಕೊಳ್ಳೋ ಶಕ್ತಿನೇ ಇರಲ್ಲ.”

ಗಾಡಿಯಲ್ಲಿ ಮಾವ ನನ್ನ ಪಕ್ಕದಲ್ಲಿ ಕೂತು ಗೊಣಗಿದರು. “ಹಿಟ್ಟು ಎಲ್ಲಾದ್ರೂ ಜಾತಿ ಬದಲಾಯಿಸುತ್ತೇನೋ? ಆಯಮ್ಮ ಬ್ರೆಡ್ಡು ತಿಂದಿದಾಳೆ ಅಷ್ಟೇ, ಮಾಡಿಲ್ಲ. ಹೋದ ವರ್ಷ ನೋಡಿದಾರಲ್ಲ ಯಾವ ಜಾತಿ ಅಂತ? ಅದೇ ತೊಟ್ಟಿ, ಅದೇ ಹಿಟ್ಟು. ಮತ್ತೆ ಯಾಕೆ ಕೆರೀಬೇಕು?”

ನಾನು ಬಾಯಿ ಮುಚ್ಚಿಕೊಂಡು ಗಾಡಿ ಓಡಿಸಿದೆ. ಇಂಜಿನ್ನಿಗೇ ಗಾಬರಿಯಾಗಿ ದಾರಿಯಲ್ಲಿ ಎರಡು ಸಲ ನಿಂತಿತು.

ಮನೆ ಮುಟ್ಟಿದಾಗ ಮಧ್ಯಾಹ್ನದ ಊಟದ ಹೊತ್ತು. ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಬೆಳಗಿನ ಬ್ರೆಡ್ಡಿನ ಅಂಚುಗಳು.

“ಏನಂದ್ರು ಅಳಿಯಂದ್ರೇ?” ಎಂದರು ಅತ್ತೆ.

ಎರಡೂ ಕೈ ಮೇಜಿನ ಮೇಲಿಟ್ಟು ಡಾಕ್ಟರಮ್ಮ ಹೇಳಿದ್ದನ್ನು ಕೂಡದೆ ಕಳೆಯದೆ ಒಪ್ಪಿಸಿದೆ. ಲಿವರ್‌ನಲ್ಲಿ ಎರಡು, ಹತ್ತು ದಿನ, ಒಂದು ವರ್ಷ, ಮೂರು ತಿಂಗಳು.

ತಕ್ಕಡಿಯ ತುಟಿ ಅಲ್ಲಾಡಿತು. ಅವನು ಭಾಗಿಸುತ್ತಿದ್ದ.

“ಎರಡನ್ನ ಹತ್ತರಿಂದ ಭಾಗಿಸಿದ್ರೆ ಒಂದರಲ್ಲಿ ಐದನೇ ಪಾಲು,” ಎಂದ. “ಅಂದ್ರೆ ಲಿವರ್‌ನಲ್ಲಿ ಏನೂ ಇಲ್ಲ ಭಾವ.”

“ಸಾವನ್ನ ಹತ್ತರಿಂದ ಭಾಗಿಸಿದ್ರೆ ನೆಗಡಿ ಬರುತ್ತೆ ಅಪ್ಪ,” ಎಂದಳು ಮಗಳು. ಎಲ್ಲರೂ ನಕ್ಕರು.

ನನ್ನ ಹೆಂಡತಿ ನಗಲಿಲ್ಲ. “ಥೂ, ಏನು ಬಾಯಿರೀ ಅದು? ಇದೇ ಬಾಯಲ್ಲಿ ಗೆಡ್ಡೆ ಗಂಟುಮೂಟೆ ಕಟ್ಕೊಂಡು ಓಡಿಹೋಯ್ತು ಅಂದ್ರಿ. ಈಗ ಮೂರು ತಿಂಗಳಂತೆ!”

“ಅವತ್ತು ಉಬ್ಬಿಸಿ ಹೇಳಿದ್ದೆ ಕಣೇ. ಇವತ್ತು ಇಲ್ಲ.”

“ಉಬ್ಬಿಸಿಲ್ಲ ಅನ್ನೋ ಮಾತಿಗೂ ಹತ್ತರಿಂದ ಭಾಗಿಸ್ಬೇಕಾ?” ಎಂದ ತಕ್ಕಡಿ.

“ನಿಮ್ಮಪ್ಪನ್ನೇ ಕೇಳ್ರಪ್ಪ! ಅವ್ರೂ ಅಲ್ಲೇ ಕೂತಿದ್ರು!”

ಎಲ್ಲರೂ ಮಾವನ ಕಡೆ ತಿರುಗಿದರು. ಮಾವ ಮೊಟ್ಟೆ ಸುಲಿಯುತ್ತಿದ್ದರು. ಸಿಪ್ಪೆಯ ಕೊನೆಯ ಚೂರನ್ನು ತೆಗೆದು, ಉಪ್ಪು ಉದುರಿಸಿ, ಅರ್ಧ ಕಚ್ಚಿ, ನಿಧಾನವಾಗಿ ಅಗಿದರು.

“ಇನ್ನೊಂದು ಸಲ ನೋಡ್ಬೇಕು ಅಂದ್ರು. ಕಾರ್ಖಾನೆ ಕ್ಯಾಂಟೀನಿನ ಆರ್ಡರ್ ಮುಗೀಲಿ, ಹೋದ್ರಾಯ್ತು.” ಆಮೇಲೆ ನನ್ನತ್ತ ನೋಡಿ ನಕ್ಕರು. “ಲೇ ಸಾವಿರ, ನನ್ನ ಸಾವನ್ನೂ ಹೋಲ್‌ಸೇಲಲ್ಲಿ ಮಾರ್ತೀಯಲ್ಲೋ!”

ಮನೆ ಹಾರಿಹೋಗುವಂತೆ ನಗು. ಮಾವನೂ ನಕ್ಕು ನಕ್ಕು ಕೆಮ್ಮಿದರು. ಕೆಮ್ಮಿ ಬಾಯೊರೆಸಿಕೊಂಡ ಬಟ್ಟೆಯನ್ನು ಒಳಮುಖವಾಗಿ ಮಡಚಿ ತೊಡೆಯ ಕೆಳಗೆ ಸೇರಿಸಿದರು. ಅದರ ಕೆಂಪು ನನಗೊಬ್ಬನಿಗೇ ಕಂಡಿತು.

ಸಂಜೆ ಅವರು ತೊಟ್ಟಿಯ ಬಳಿ ಒಬ್ಬರೇ ಸಿಕ್ಕರು.

“ಯಾಕೆ ಮಾವ ಹೀಗೆ ಮಾಡಿದ್ರಿ?”

“ಆ ಕೊಳವೆ ಮತ್ತೆ ಹಾಕಿಸ್ಕೊಳ್ಳಲ್ಲ ನಾನು. ಹೇಳ್ತೀಯಾ? ಹೋಗಿ ಹೇಳು. ಊರಿಗೆಲ್ಲ ಡಂಗುರ ಹೊಡಿ.” ಹಿಟ್ಟಿನ ಕೈಯಿಂದ ನನ್ನ ಕೆನ್ನೆ ತಟ್ಟಿದರು. “ನೀನು ಎಷ್ಟು ಬಾಯಿ ಬಡ್ಕೊಂಡ್ರೂ ಯಾರೂ ನಂಬಲ್ಲ. ನಿನಗೆ ಮಗಳನ್ನ ಕೊಟ್ಟಿದ್ದಕ್ಕೆ ಹದಿನೆಂಟು ವರ್ಷದ ಮೇಲೆ ಇವತ್ತೊಂದು ಪ್ರಯೋಜನ ಆಯ್ತು.”

ಕಾರ್ಖಾನೆಯ ಆರ್ಡರು ಆರು ಸಾವಿರ ಬನ್ನಿನದು, ಅಂದರೆ ಆರುನೂರು, ದಿನವೂ. ಮನೆಯವರಿಗೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಮೊದಲ ವಾರ ಮಾವ ಹಿಟ್ಟಿನ ಮೂಟೆ ಎತ್ತಲಾರದೆ ಎಳೆದರು. ಎರಡನೇ ವಾರ ಎಳೆಯಲಾರದೆ ಅದರ ಮೇಲೇ ಕೂತರು. ಮೂರನೇ ವಾರ ಪ್ಯಾಂಟಿಗೆ ಬ್ರೆಡ್ಡು ಕಟ್ಟುವ ದಾರ ಬಿಗಿದುಕೊಂಡರು. ಮುಂಗಟ್ಟೆಯ ಮೇಲೆ ಕೂತಿದ್ದವರನ್ನು ನೋಡಿ ಒಬ್ಬ ಗಿರಾಕಿ, “ಹೊಸ ಕೆಲಸದವನಾ?” ಎಂದು ಕೇಳಿದನಂತೆ.

“ಮಾತ್ರೆ ಉಷ್ಣ,” ಎಂದರು ಅತ್ತೆ. “ಕಾರ್ಖಾನೆ ಕೆಲಸ ಮುಗೀಲಿ, ಹಾಲು ತುಪ್ಪ ಹಾಕಿ ಎಬ್ಬಿಸ್ತೀನಿ.”

ಆಗ ನನಗೆ ಬುದ್ಧಿ ಬಂತು. ಸುದ್ದಿಯನ್ನು ಅದರ ಅಳತೆಯಲ್ಲೇ ಹೇಳಿದ್ದು ನನ್ನ ತಪ್ಪು. ಹತ್ತು ಪಟ್ಟು ಹೇಳಬೇಕಿತ್ತು. ತಡವಾಗಿ ಶುರುಮಾಡಿದೆ. “ನಾಳೆ ಹೋಗಿಬಿಡ್ತಾರೆ! ನಾಳೆನೂ ಬೇಡ, ಇವತ್ತು ಚಹಾ ಆರೋದ್ರೊಳಗೆ! ಶ್ವಾಸಕೋಶ ಜಲ್ಲಡಿ ಆಗಿದೆ, ಲಿವರ್ ಕ್ರಿಕೆಟ್ ಚೆಂಡಾಗಿದೆ!”

ನನ್ನ ಹೆಂಡತಿ ಬ್ರೆಡ್ಡು ಕೊಯ್ಯುವ ಚೂರಿ ನಿಲ್ಲಿಸದೆ ಹೇಳಿದಳು, “ನೀವು ಹೀಗೆ ಕೂಗಿದಷ್ಟೂ ನಂಗೆ ಧೈರ್ಯ ಬರುತ್ತೆ ಕಣ್ರೀ. ನಿಜವಾಗಿ ಏನಾದ್ರೂ ಇದ್ದಿದ್ರೆ ನೀವು ಎಲ್ಲರಿಗಿಂತ ಮುಂಚೆ ಓಡಿಹೋಗಿರ್ತಿದ್ರಿ.”

ನಾಲ್ಕನೇ ವಾರ ಆಸ್ಪತ್ರೆಗೆ ಹೋಗಿ ಡಾಕ್ಟರಮ್ಮನ ಕೈಯಲ್ಲಿ ಚೀಟಿ ಬರೆಸಿಕೊಂಡು ಬಂದೆ. ಮಗಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದಳು.

“ಈ ಸಲ ಸಹಿ ಚೆನ್ನಾಗಿ ಹಾಕಿದೀರ ಅಪ್ಪ.”

ಎರಡು ವರ್ಷದ ಹಿಂದೆ ‘ನಿಮ್ಮ ಅಳಿಯನಂಥ ವ್ಯಾಪಾರಿಯನ್ನು ನಾನು ಕಂಡಿಲ್ಲ’ ಎಂದು ಒಬ್ಬ ಹೋಟೆಲ್ ಮಾಲೀಕರ ಹೆಸರಿನಲ್ಲಿ ನಾನೇ ಒಂದು ಪತ್ರ ಬರೆದುಕೊಂಡು ಬಂದಿದ್ದೆ. ಆ ಮಾಲೀಕರು ತೀರಿಕೊಂಡು ಆಗಲೇ ವರ್ಷವಾಗಿತ್ತು. ಮಾಡಿದ್ದು ತಿನ್ನಬೇಕಲ್ಲ.

“ಫೋನ್ ಮಾಡಿ ಕೇಳ್ರೇ, ನಂಬರ್ ಅದರಲ್ಲೇ ಇದೆ!” ಎಂದೆ.

ಒಳಗಿನ ಕೋಣೆಯಿಂದ ಮಾವನ ಒಡಕು ದನಿ ಬಂತು. “ಅವ್ರನ್ನ ಸುಮ್ನೆ ಕಾಡ್ಬೇಡಿ. ನಾನೇ ಮಾತಾಡಿದೀನಿ. ಏನೂ ಅವಸರ ಇಲ್ಲ ಅಂದ್ರು.”

ಮನೆಯವರು ಯಾವತ್ತೂ ಸುಳ್ಳು ಹೇಳದ ಮಾವನನ್ನು ನಂಬಿದರು. ಚೀಟಿ ಬನ್ನು ಸುತ್ತುವ ಕಾಗದದ ಜೊತೆ ಸೇರಿತು. ಅವತ್ತು ಅದರಲ್ಲಿ ಯಾರಿಗೆ ಏನು ಸುತ್ತಿಕೊಟ್ಟರೋ ಗೊತ್ತಿಲ್ಲ.

ಐದನೇ ವಾರ ಮಾವನ ಕೈ ನಡುಗಿ ಕಲಸುವ ಕೆಲಸವೂ ತಕ್ಕಡಿಯ ಪಾಲಿಗೆ ಬಂತು. ಅವನಿಗೆ ತೂಕ ಗೊತ್ತು, ಹಿಟ್ಟು ಗೊತ್ತಿಲ್ಲ. ಓಡಾಟ ಉಳಿಯಲೆಂದು ತೊಟ್ಟಿಯನ್ನು ಭಟ್ಟಿಯ ಪಕ್ಕಕ್ಕೇ ಎಳೆದಿಟ್ಟ. ಎತ್ತಿಟ್ಟ ಹಳೇ ಹಿಟ್ಟಿಗೆ ಹೊತ್ತಿಗೆ ಸರಿಯಾಗಿ ಹೊಸ ಹಿಟ್ಟು ನೀರು ಬೆರೆಸುವುದನ್ನು ಎರಡು ಸಲ ಮರೆತ.

ಆರನೇ ವಾರದ ಒಂದು ಬೆಳಿಗ್ಗೆ ಸ್ಟೇಷನ್ನಿನ ಹೋಟೆಲಿನವನು ಬ್ರೆಡ್ಡನ್ನು ನನ್ನ ಗಾಡಿಗೇ ಎಸೆದ. ಕಾರ್ಖಾನೆಯವರು ಬುಟ್ಟಿಗಳನ್ನು ಮುಟ್ಟಲೂ ಇಲ್ಲ. ಹೊರಡುವಾಗ ಹೊರೆಗೆ ನರಳುತ್ತಿದ್ದ ಗಾಡಿ ಅಷ್ಟೇ ನರಳುತ್ತಾ ವಾಪಸ್ಸು ಬಂತು. ಚಪ್ಪಟೆ ಬ್ರೆಡ್ಡು, ಒಳಗೆ ಅಂಟು, ಬಾಗಿಲಿಗೆ ಹಚ್ಚುವ ವಾರ್ನಿಷಿನ ವಾಸನೆ. ಮನೆಯಲ್ಲಿ ರಣರಂಗ.

“ಅದೇ ಹಿಟ್ಟು, ಅದೇ ನೀರು, ಅದೇ ತೂಕ!” ತಕ್ಕಡಿ ಕೂಗುತ್ತಿದ್ದ. “ಒಂದು ಗ್ರಾಂ ಆಚೆ ಈಚೆ ಇಲ್ಲ! ಬೇಕಾದ್ರೆ ತೂಗಿ ತೋರಿಸ್ತೀನಿ!”

“ನಿನ್ನ ತಲೇನ ತೂಗು ಮೊದಲು,” ಎಂದರು ಅತ್ತೆ.

ಗಲಾಟೆಗೆ ಮಾವ ಕೆಳಗೆ ಬರುತ್ತೇನೆಂದು ಹಟ ಹಿಡಿದರು. ನಾನೂ ತಕ್ಕಡಿಯೂ ಕುರ್ಚಿಯ ಸಮೇತ ಇಳಿಸಿದೆವು. ಕುರ್ಚಿಯೇ ಅವರಿಗಿಂತ ಭಾರವಿತ್ತು. ತೊಟ್ಟಿಗೆ ಕೈ ಇಳಿಸಿ ಒಂದು ಹಿಡಿ ಎತ್ತಿದರು. ಎಳೆ ನಿಲ್ಲಲಿಲ್ಲ, ಬೆರಳ ಸಂದಿಯಿಂದ ಚೂರುಚೂರಾಗಿ ಜಾರಿತು. ಮೂಸಿದರು. ನಾಲಿಗೆಗೆ ಹಚ್ಚಿ ಉಗಿದರು.

“ಇದು ನಮ್ಮಪ್ಪನ ಹಿಟ್ಟಲ್ಲ.”

“ಅದೇ ಅಪ್ಪ, ಬೇರೆ ಎಲ್ಲಿಂದ ಬರುತ್ತೆ?” ಎಂದ ತಕ್ಕಡಿ.

“ಅದರಿಂದಾನೇ ಬಂದಿದ್ದು. ಆದ್ರೆ ಅದಲ್ಲ. ಬಿಸಿ ತಡೀಲಿಲ್ಲ, ಹೊಟ್ಟೆಗಿಲ್ಲ. ಬದುಕ್ಬೇಕಲ್ಲ, ಜಾತಿ ಬಿಟ್ಟು ಇನ್ನೇನೋ ಆಗಿದೆ.”

ಹೇಳುತ್ತಾ ಹೇಳುತ್ತಾ ಕೈಯಲ್ಲಿದ್ದ ಹಿಟ್ಟನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಉಳಿದವರಿಗೆ ಅದು ಹಿಟ್ಟಿನ ವಿಷಯ.

“ಸಾವಿರ, ಗಾಡಿ ತೆಗಿ.”

“ಎಲ್ಲಿಗೆ ಮಾವ?”

“ಸೂಜಿಗೆ.”

ಭಟ್ಟಿ ಹೇಗೂ ಆರಿತ್ತು, ತಕ್ಕಡಿಯೂ ಜೊತೆಗೆ ಬಂದ. ಈ ಸಲ ಸೂಜಿಯಿಂದ ಗಾಳಿ ಸೋರಲಿಲ್ಲ, ಕೊಳವೆ ಬೇಕಾಗಲಿಲ್ಲ, ಇರುವೆ ಕಚ್ಚಿದಷ್ಟೂ ನೋವಾಗಲಿಲ್ಲವಂತೆ. “ಇಷ್ಟೇನಾ?” ಎಂದು ಮಾವ ಕೇಳಿದರು. ಇಷ್ಟೇ ಆಗಿತ್ತು.

ಐದು ದಿನದ ಮೇಲೆ ಡಾಕ್ಟರಮ್ಮ ನನ್ನನ್ನೂ ತಕ್ಕಡಿಯನ್ನೂ ಒಳಗೆ ಕರೆದರು.

“ಬದಲಾಗಿದೆ. ಸಣ್ಣ ಜೀವಕೋಶದ ಜಾತಿ ಅಂತೀವಿ, ಬಲು ವೇಗದ್ದು. ನಾನು ಅವತ್ತೇ ಹೇಳಿದ್ದೆನಲ್ಲ?”

“ಯಾವತ್ತು?” ಎಂದ ತಕ್ಕಡಿ.

“ಆರು ವಾರದ ಹಿಂದೆ. ಇವರಿಗೇ ಹೇಳಿ ಕಳಿಸಿದ್ದೆ, ಚೀಟಿನೂ ಬರೆದುಕೊಟ್ಟಿದ್ದೆ. ಅವಾಗ ಅವರು ತಾವೇ ನಡ್ಕೊಂಡು ಬಂದಿದ್ರು, ಔಷಧಿ ಹಾಕಬಹುದಿತ್ತು. ಈಗ ಲಿವರ್ ಕೆಲಸ ಬಿಟ್ಟಿದೆ. ಹಾಕಿದ್ರೆ ಕಾಯಿಲೆಗಿಂತ ಮೊದಲು ಔಷಧಿನೇ ಕೊಲ್ಲುತ್ತೆ. ಮನೆಗೆ ಕರ್ಕೊಂಡು ಹೋಗಿ. ನೋವಿಗೆ ಬರೆದುಕೊಡ್ತೀನಿ.”

“ಎಷ್ಟು ದಿನ?” ಎಂದು ಕೇಳಿದೆ.

“ಹತ್ತು.”

ಮನೆಯಲ್ಲಿ ತಕ್ಕಡಿ ಬಾಯಿಬಿಟ್ಟ ಮೇಲೆ ನಾಲ್ಕು ದಿಕ್ಕಿನಿಂದ ನನ್ನ ಮೇಲೆ ಬಿದ್ದರು. ಯುದ್ಧಗಳಲ್ಲಿ ಕೂಡ ಊಟಕ್ಕೆ ಬಿಡುವಿರುತ್ತದೆ. ಇದರಲ್ಲಿ ಇರಲಿಲ್ಲ.

“ಮನುಷ್ಯರ ಹಾಗೆ ಹೇಳಿದ್ರೆ ನಂಬ್ತಿರ್ಲಿಲ್ವಾ ನಾವು?” ಎಂದಳು ಹೆಂಡತಿ.

“ಮನುಷ್ಯರ ಹಾಗೇ ಹೇಳಿದ್ದು ಕಣೇ!”

“ಹಂಗಾದ್ರೆ ಅದೇ ತಪ್ಪು! ಮೂವತ್ತು ಬನ್ನಿಗೆ ಮುನ್ನೂರು ಅಂತ ಹದಿನೆಂಟು ವರ್ಷ ಕೂಗಿದ್ರಿ. ನಮ್ಮಪ್ಪನ ಜೀವಕ್ಕೆ ಅವತ್ತೇ ಮುನ್ನೂರು ಅನ್ನೋಕೆ ನಾಲಿಗೆ ಬಿದ್ದೋಗಿತ್ತಾ?”

“ಊರೆಲ್ಲ ಕೇಳ್ಲಿ,” ಎಂದರು ಅತ್ತೆ. “ನನ್ನ ಗಂಡನ್ನ ತಿಂದಿದ್ದು ಗೆಡ್ಡೆ ಅಲ್ಲ. ಈ ಮನೆಹಾಳನ ನಾಲಿಗೆ.” ‘ಅಳಿಯಂದ್ರೇ’ ಎನ್ನುವುದು ಅಲ್ಲಿಗೆ ಮುಗಿಯಿತು.

ಮಗಳು ಮಾತ್ರ ಮಂಚದ ಕಡೆ ತಿರುಗಿದಳು. “ತಾತ, ನೀವೂ ಅಲ್ಲೇ ಇದ್ರಲ್ಲ? ನಿಮಗೆ ಡಾಕ್ಟರ್ ಹೇಳಿದ್ದು ಕೇಳಿಸ್ಲಿಲ್ವಾ?”

ಮಾವ ಛಾವಣಿ ನೋಡುತ್ತಿದ್ದರು. “ನಲವತ್ತು ವರ್ಷ ಭಟ್ಟಿ ಸದ್ದು, ಪುಟ್ಟಿ. ಕಿವಿ ಹೋಗಿದೆ.”

ಬೆಂದ ಬ್ರೆಡ್ಡಿನ ಮೇಲ್ಪದರ ಬಿರಿಯುವ ಸದ್ದನ್ನು ಮಹಡಿಯ ಮೇಲೆ ಮಲಗಿಕೊಂಡೇ ಕೇಳಿ, ‘ತೆಗಿಯೋ, ಆಯ್ತು’ ಎಂದು ತಕ್ಕಡಿಗೆ ಹೇಳುತ್ತಿದ್ದ ಕಿವಿ ಅದು. ಯಾರೂ ಅದನ್ನು ನೆನೆಸಿಕೊಳ್ಳಲಿಲ್ಲ.

ಮರುದಿನ ಮಧ್ಯಾಹ್ನ ಅವರಿಗೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ತಿನ್ನಿಸುವ ಪಾಳಿ ನನ್ನದು. ಬೇರೆ ಯಾರು ತಿನ್ನಿಸಲು ಕೂತರೂ ಅತ್ತುಬಿಡುತ್ತಾರೆಂದು ಮಾವ ನನ್ನನ್ನೇ ಕೇಳಿದ್ದರು.

“ಹೇಳಿಬಿಡ್ಲಾ ಮಾವ, ನಿಮಗೂ ಎಲ್ಲ ಗೊತ್ತಿತ್ತು ಅಂತ?”

“ಹೇಳು,” ಎಂದರು. ಗಲ್ಲದಿಂದ ಹಾಲು ಇಳಿಯಿತು. “ಯಾರು ನಂಬ್ತಾರೆ?”

ಒರೆಸಿದೆ. ಇನ್ನೆರಡು ಚಮಚ ಕೊಟ್ಟೆ.

“ಲೇ, ಎಷ್ಟು ಅಂದ್ರು ಆಯಮ್ಮ?”

“ನೂರು ದಿನ ಮಾವ! ಗ್ಯಾರಂಟಿ! ಬರೆದುಕೊಡ್ತೀನಿ ಅಂದ್ರು!”

ಅವರ ತುಟಿ ಅಲ್ಲಾಡಿತು. ಹೊದಿಕೆಯ ಮೇಲೆ ಬೆರಳುಗಳು ಒಂದೊಂದಾಗಿ ಮಡಚಿಕೊಂಡವು. ಎರಡು ಕೈ ಪೂರ್ತಿಯಾದ ಮೇಲೆ ನಿಂತವು.

“ಸಾಕು,” ಎಂದರು. “ಹೊಸ ಹಿಟ್ಟು ಹುಳಿ ಹಿಡಿಯೋಕೆ ಏಳು ದಿನ ಬೇಕು. ಮಂಚ ಕೆಳಗಿಡ್ಸು.”

ಮಂಚ ಬೇಕರಿಗೆ ಇಳಿಯಿತು. ಮಾವ ಮಲಗಿಕೊಂಡೇ ಬರಿಯ ಹಿಟ್ಟು ನೀರಿನಿಂದ ಹೊಸದನ್ನು ಶುರುಮಾಡಿಸಿದರು. “ತೂಗ್ಬೇಡ, ಮುಟ್ಟು! ಕತ್ತೆ, ಕೈಯಲ್ಲಿ ನೋಡು!” ಎಂದು ತಕ್ಕಡಿಯನ್ನು ಬೈದು ಬೈದು, ಬೈಯಲು ಉಸಿರು ಸಾಲದಾದಾಗ ಬೆರಳು ತೋರಿಸಿ ಬೈದರು. ಎಂಟನೇ ದಿನ ಹಿಟ್ಟು ತೊಟ್ಟಿಯ ಅಂಚಿಗೆ ಬಂತು. ತಕ್ಕಡಿ ಅದನ್ನು ಮೂಗಿನ ಹತ್ತಿರ ಹಿಡಿದಾಗ ಮಾವ ತಲೆಯಾಡಿಸಿದರು. ಒಂಬತ್ತನೇ ದಿನ ಮಧ್ಯಾಹ್ನ ಅಂಗಡಿಯ ಮುಂದೆ ಗಿರಾಕಿಯೊಬ್ಬ ಬನ್ನು ಕೇಳುತ್ತಿದ್ದಾಗ ಹೋದರು. ಡಾಕ್ಟರಮ್ಮ ಕೂಡ ಒಂದು ದಿನ ಹೆಚ್ಚಾಗಿ ಹೇಳಿದ್ದರು.

ಎರಡು ವಾರದ ಮೇಲೆ ಬೇಕರಿ ತೆರೆಯಿತು. ಸ್ಟೇಷನ್ನಿನ ಹೋಟೆಲಿನವನು ಸಾವಿನ ಮನೆಯೆಂದು ಮರುಕಪಟ್ಟು ಮತ್ತೆ ಮೂವತ್ತು ಬನ್ನು ಕೇಳಿದ. ನಾನು ಬಂದು ಅಭ್ಯಾಸದಂತೆ ಕೂಗಿದೆ, “ಮುನ್ನೂರು ಬನ್ನು!”

ತಕ್ಕಡಿ ಒದ್ದೆ ಬಟ್ಟೆ ಹಿಡಿದು ಭಟ್ಟಿಯ ಬಾಗಿಲು ಉಜ್ಜುತ್ತಿದ್ದ. ಮಾವನ ಇದ್ದಿಲಿನ ಅಕ್ಷರಗಳಲ್ಲಿ ‘ಸಾವಿರನ ಮಾತು’ ಮಾತ್ರ ಉಳಿದಿತ್ತು.

“ಆಯ್ತು ಭಾವ. ಮುನ್ನೂರು.”

“ಅಂದ್ರೆ ಮೂವತ್ತು ಕಣೋ. ನಿಂಗೆ ಗೊತ್ತಲ್ಲ.”

“ನಂಗೇನೂ ಗೊತ್ತಿಲ್ಲ. ಇನ್ಮೇಲೆ ನಿಮ್ಮ ಯಾವ ಮಾತನ್ನೂ ಭಾಗಿಸಲ್ಲ. ಒಂದು ಸಲ ಭಾಗಿಸಿ ಅಪ್ಪನ್ನ ಕಳ್ಕೊಂಡಿದೀನಿ.”

“ಮೂವತ್ತು! ದೇವರಾಣೆ ಮೂವತ್ತು!”

“ಮೊದಲು ಹೇಳಿದ್ದು ಮುನ್ನೂರು.”

ಒಂದೊಂದನ್ನೂ ತೂಗಿ, ಮುಟ್ಟಿ ನೋಡಿ, ಮುನ್ನೂರನ್ನೂ ಬೇಯಿಸಿದ. ಅಷ್ಟು ಚೆಂದದ ಬನ್ನು ಆ ಭಟ್ಟಿಯಿಂದ ಹಿಂದೆ ಬಂದಿರಲಿಲ್ಲ. ಇನ್ನೂರ ಎಪ್ಪತ್ತು ಉಳಿದವು. ನನ್ನ ಹೆಂಡತಿ ಒಂದೊಂದನ್ನು ಎರಡು ಹೋಳು ಮಾಡಿ ಒಣಗಿಸಿದಳು. ರಸ್ಕು ದೊಡ್ಡ ಡಬ್ಬಗಳಿಗೆ ತುಂಬಿ ಊಟದ ಮೇಜಿನ ಪಕ್ಕ, ನಾನು ಕೂರುವ ಜಾಗದಲ್ಲಿ ಬಂದು ಕೂತಿತು. ಬೇರೆ ಯಾರೂ ಅದಕ್ಕೆ ಕೈ ಹಾಕುವಂತಿಲ್ಲ. ಬೆಳಿಗ್ಗೆ ಚಹಾಕ್ಕೆ ಎರಡು, ಸಂಜೆ ಚಹಾಕ್ಕೆ ಎರಡು. ತಟ್ಟೆಗೆ ಹಾಕುವಾಗ ಅವಳು ನನ್ನ ಮುಖ ನೋಡುವುದಿಲ್ಲ.

“ತಿನ್ನಿ,” ಎನ್ನುತ್ತಾಳೆ. “ನೀವೇ ಹೇಳಿದ್ದು.”

ಇವತ್ತಿಗೆ ಮೂವತ್ತೊಂದನೇ ದಿನ. ಒಟ್ಟು ಐನೂರ ನಲವತ್ತು ಹೋಳು. ತಿಂದದ್ದು ನೂರ ಇಪ್ಪತ್ತನಾಲ್ಕು. ಡಬ್ಬಗಳಲ್ಲಿ ಇರುವುದು ನಾನೂರ ಹದಿನಾರು. ಬೇಕಿದ್ದರೆ ಬಂದು ಎಣಿಸಿ.